ಸ್ಲೀಪ್‌ಗೆ ಹೋದ ಡೆಸ್ಕ್‌ಟಾಪ್ ಏಳದಿದ್ದರೆ: ಬೋರ್ಡ್ ಬದಲಿಸುವ ಮುನ್ನ

ಮಾನ್ಯ ಸಂಪಾದಕರೇ,

ಊಟ ಮುಗಿಸಿ ಬಂದು ಕೀಬೋರ್ಡ್ ಮುಟ್ಟಿದರೆ ಪರದೆ ಕಪ್ಪಾಗಿಯೇ ಇರುತ್ತದೆ, ಒಳಗೆ ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ಡೆಸ್ಕ್‌ಟಾಪ್ ಬಳಸುವ ಮನೆ, ಡಿಟಿಪಿ ಅಂಗಡಿ, ಶಾಲೆಯ ಕಚೇರಿ, ಸಹಕಾರ ಸಂಘ, ಎಲ್ಲ ಕಡೆಯಿಂದಲೂ ಬರುವ ದೂರು ಇದು. ಇದಕ್ಕೆ ಸಿಗುವ ಉತ್ತರ ಮಾತ್ರ ಎರಡೇ: 'ವಿಂಡೋಸ್ ಫಾರ್ಮ್ಯಾಟ್ ಹೊಡೆಯಬೇಕು', ಇಲ್ಲವೇ 'ಮದರ್‌ಬೋರ್ಡ್ ಹೋಗಿದೆ'. ಬಹಳಷ್ಟು ಸಲ ಎರಡೂ ಬೇಕಿಲ್ಲದ ಖರ್ಚು. ತೊಂದರೆ ಮಾನಿಟರ್‌ನದೋ, ಕೀಬೋರ್ಡ್‌ನದೋ, ಡ್ರೈವರ್‌ನದೋ (ಯಂತ್ರದ ಭಾಗಗಳನ್ನು ವಿಂಡೋಸ್ ನಡೆಸಲು ಬೇಕಾದ ತಂತ್ರಾಂಶ), ಎಸ್‌ಎಂಪಿಎಸ್‌ನದೋ (ಕರೆಂಟ್ ಪೂರೈಸುವ ಒಳಗಿನ ಡಬ್ಬ) ಎಂದು ಬೇರ್ಪಡಿಸಲು ಅರ್ಧ ಗಂಟೆ ಸಾಕು. ಅದನ್ನು ಮಾಡದೆ ಯಾವ ಭಾಗವನ್ನೂ ಬದಲಿಸಬಾರದು ಎಂಬುದೇ ಈ ಪತ್ರದ ಒತ್ತಾಯ.

ಸ್ಲೀಪ್‌ನಲ್ಲಿರುವ ಕಂಪ್ಯೂಟರ್ ಪೂರ್ತಿ ಆಫ್ ಆಗಿರುವುದಿಲ್ಲ. ತೆರೆದಿಟ್ಟ ಕಡತಗಳೆಲ್ಲ ರ‍್ಯಾಮ್‌ನಲ್ಲೇ ಇರುತ್ತವೆ. ಪ್ರೊಸೆಸರ್, ಗ್ರಾಫಿಕ್ಸ್, ಹಾರ್ಡ್ ಡಿಸ್ಕ್ ಎಲ್ಲಕ್ಕೂ ಕರೆಂಟ್ ನಿಂತಿರುತ್ತದೆ. ಎಸ್‌ಎಂಪಿಎಸ್ ಕೊಡುವ 5 ವೋಲ್ಟ್‌ನ ಒಂದು ಸಣ್ಣ ಸರಬರಾಜು ಮಾತ್ರ ಜೀವಂತವಾಗಿದ್ದು, ರ‍್ಯಾಮನ್ನೂ ಕೀಬೋರ್ಡನ್ನೂ ಅದೇ ನೋಡಿಕೊಳ್ಳುತ್ತದೆ. ಇದನ್ನು ಸ್ಟ್ಯಾಂಡ್‌ಬೈ ಸಪ್ಲೈ ಎನ್ನುತ್ತಾರೆ. ಕೀ ಒತ್ತಿದಾಗ ಬೋರ್ಡು ಎಸ್‌ಎಂಪಿಎಸ್‌ಗೆ ಸೂಚನೆ ಕೊಡುತ್ತದೆ, ಉಳಿದ ವೋಲ್ಟೇಜುಗಳು ಬರುತ್ತವೆ, ಬೋರ್ಡಿನೊಳಗಿನ ಆರಂಭಿಕ ತಂತ್ರಾಂಶವಾದ ಬಯೋಸ್ ಎದ್ದು ವಿಂಡೋಸ್‌ಗೆ ಕೆಲಸ ಒಪ್ಪಿಸುತ್ತದೆ, ಡ್ರೈವರ್‌ಗಳು ಒಂದೊಂದಾಗಿ ಏಳುತ್ತವೆ, ಕೊನೆಗೆ ಮಾನಿಟರ್‌ಗೆ ಸಿಗ್ನಲ್ ಹೋಗುತ್ತದೆ. ಇದರಲ್ಲಿ ಯಾವ ಹಂತದಲ್ಲಿ ಕೆಲಸ ನಿಂತರೂ ನಮಗೆ ಕಾಣುವುದು ಅದೇ ಕಪ್ಪು ಪರದೆ.

ಪರದೆ ಕಪ್ಪಾಗಿದೆ ಎಂದು ಕೂಡಲೇ ಪವರ್ ಬಟನ್ ಒತ್ತಿ ಹಿಡಿಯಬೇಡಿ. 4 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಯಂತ್ರ ನಿರ್ದಾಕ್ಷಿಣ್ಯವಾಗಿ ಆಫ್ ಆಗುತ್ತದೆ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಸೇವ್ ಮಾಡದೆ ಬಿಟ್ಟ ಪುಟಗಳು ಹೋಗುತ್ತವೆ, ಜೊತೆಗೆ ತೊಂದರೆ ಎಲ್ಲಿತ್ತು ಎಂಬ ಸುಳಿವೂ ಹೋಗುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರ ಏಳಲು ಸಮಯ ತೆಗೆದುಕೊಳ್ಳುತ್ತದೆ, ಎರಡು ನಿಮಿಷವಾದರೂ ಕಾಯಿರಿ. ಆಮೇಲೆ ಕೀಬೋರ್ಡ್‌ನ ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ನೋಡಿ. ಅನೇಕ ವೈರ್‌ಲೆಸ್ ಕೀಬೋರ್ಡ್‌ಗಳಲ್ಲಿ ಈ ದೀಪವೇ ಇರುವುದಿಲ್ಲ, ಆದ್ದರಿಂದ ವೈರ್ ಇರುವ ಕೀಬೋರ್ಡ್ ಒಂದನ್ನು ಪರೀಕ್ಷೆಗೆಂದು ಇಟ್ಟುಕೊಳ್ಳುವುದು ಒಳ್ಳೆಯದು.

ಒತ್ತಿದಾಗೆಲ್ಲ ಆ ದೀಪ ಹತ್ತಿ ಆರುತ್ತಿದ್ದರೆ ವಿಂಡೋಸ್ ಎದ್ದಿದೆ, ಚಿತ್ರ ಮಾತ್ರ ಬರುತ್ತಿಲ್ಲ ಎಂದರ್ಥ. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ, ಸಾಮಾನ್ಯವಾಗಿ ಒಂದು ಬೀಪ್ ಸದ್ದು ಕೇಳಿಸುತ್ತದೆ. ಚಿತ್ರ ಬಂದರೆ ತಪ್ಪು ಬಹುಮಟ್ಟಿಗೆ ಗ್ರಾಫಿಕ್ಸ್ ಡ್ರೈವರ್‌ನದು. ಬಾರದಿದ್ದರೆ ಮಾನಿಟರ್‌ನ ಕರೆಂಟ್ ವೈರ್ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಿ. ಮಾನಿಟರ್‌ನ ಗುಂಡಿಗಳಿಂದ ಇನ್‌ಪುಟ್ ಆಯ್ಕೆಯನ್ನು 'ಆಟೋ' ಬಿಟ್ಟು, ಕೇಬಲ್ ಹಾಕಿರುವ ಪೋರ್ಟ್‌ಗೇ ನಿಲ್ಲಿಸಿ. ಡಿಸ್‌ಪ್ಲೇಪೋರ್ಟ್ ಬಳಸುವವರು ಮಾನಿಟರ್ ಮೆನುವಿನಲ್ಲಿ 'ಡೀಪ್ ಸ್ಲೀಪ್' ಇದ್ದರೆ ಆಫ್ ಮಾಡಿ, ಒಂದು ವಾರ ಎಚ್‌ಡಿಎಂಐ ಕೇಬಲ್‌ನಲ್ಲಿ ನಡೆಸಿ ನೋಡಿ. ಅಗ್ಗದ ಕೆಲವು ಡಿಸ್‌ಪ್ಲೇಪೋರ್ಟ್ ಕೇಬಲ್‌ಗಳಲ್ಲಿ 20ನೇ ಪಿನ್ನನ್ನೂ ಎರಡೂ ತುದಿಗೆ ಜೋಡಿಸಿರುತ್ತಾರೆ. ಅದು 3.3 ವೋಲ್ಟ್ ಬರುವ ಪಿನ್. ಸಾಮಾನ್ಯ ಕೇಬಲ್‌ನಲ್ಲಿ ಅದನ್ನು ಜೋಡಿಸಲೇಬಾರದು. ಜೋಡಿಸಿದರೆ ಮಾನಿಟರ್‌ನ ಕರೆಂಟ್ ಹಿಮ್ಮುಖವಾಗಿ ಗ್ರಾಫಿಕ್ಸ್ ಕಾರ್ಡ್‌ಗೆ ನುಗ್ಗಿ, ಕಂಪ್ಯೂಟರ್ ಏಳುವಾಗ ವಿಚಿತ್ರವಾಗಿ ಆಡುತ್ತದೆ. ಕೇಬಲ್ ಬದಲಿಸಿದರೆ ಮುಗಿಯುವ ಈ ಕಾಯಿಲೆಗೆ ಬೋರ್ಡ್ ಬದಲಿಸುವುದು ನಿಜಕ್ಕೂ ಅನ್ಯಾಯ.

ಕೀಬೋರ್ಡ್‌ಗೆ ಜಗ್ಗದ ಯಂತ್ರ ಪವರ್ ಬಟನ್ನನ್ನು ಒಮ್ಮೆ ಮುಟ್ಟಿ ಬಿಟ್ಟರೆ ಏಳುತ್ತದೆಯೇ? ಹಾಗಾದರೆ ಅದು ಕಾಯಿಲೆಯೇ ಅಲ್ಲ, ಅನುಮತಿಯ ಪ್ರಶ್ನೆ. ಡಿವೈಸ್ ಮ್ಯಾನೇಜರ್‌ನಲ್ಲಿ ಕೀಬೋರ್ಡ್ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, 'ಪವರ್ ಮ್ಯಾನೇಜ್‌ಮೆಂಟ್' ಪುಟದಲ್ಲಿ ಈ ಸಾಧನಕ್ಕೆ ಕಂಪ್ಯೂಟರನ್ನು ಎಬ್ಬಿಸಲು ಬಿಡಿ ಎಂಬ ಸಾಲಿಗೆ ಗುರುತು ಹಾಕಿ. ಕೀಬೋರ್ಡ್ ಯುಎಸ್‌ಬಿ ಹಬ್‌ನಲ್ಲಿದ್ದರೆ ಕಿತ್ತು ಹಿಂಬದಿಯ ಪೋರ್ಟ್‌ಗೇ ಹಾಕಿ. ಊಟದ ಹೊತ್ತಿನ ಸ್ಲೀಪ್‌ನಿಂದ ಏಳುತ್ತದೆ, ರಾತ್ರಿ ಬಿಟ್ಟರೆ ಬೆಳಿಗ್ಗೆ ಏಳುವುದಿಲ್ಲ ಎನ್ನುವವರು ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಪಟ್ಟಿಯ 'ಹೈಬರ್ನೇಟ್ ಆಫ್ಟರ್' ಎಂಬಲ್ಲಿ ಎಷ್ಟು ನಿಮಿಷ ಇದೆ ನೋಡಿ. ಅಷ್ಟು ಹೊತ್ತಾದ ಮೇಲೆ ಯಂತ್ರ ರ‍್ಯಾಮಿನಲ್ಲಿದ್ದುದನ್ನು ಡಿಸ್ಕ್‌ಗೆ ಬರೆದು ಪೂರ್ತಿ ಆಫ್ ಆಗಿರುತ್ತದೆ. ಬಹುತೇಕ ಬೋರ್ಡುಗಳಲ್ಲಿ ಅಲ್ಲಿಂದ ಎಬ್ಬಿಸಲು ಪವರ್ ಬಟನ್ನೇ ಒತ್ತಬೇಕು.

ಫ್ಯಾನ್ ತಿರುಗುತ್ತಿದ್ದರೂ ಕ್ಯಾಪ್ಸ್ ಲಾಕ್ ದೀಪ ಅಲುಗಾಡದಿದ್ದರೆ ಯಂತ್ರ ಏಳುವ ದಾರಿಯಲ್ಲೇ ನಿಂತಿದೆ. ಆಗ ಬೇರೆ ದಾರಿಯಿಲ್ಲ, ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಿ. ಮೊದಲ ಕೆಲಸವಾಗಿ ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್‌ನ 'ಸಿಸ್ಟಮ್' ಪಟ್ಟಿಯಲ್ಲಿ ಆ ಹೊತ್ತಿನ ಸಾಲುಗಳನ್ನು ನೋಡಿ. ಕರ್ನಲ್-ಪವರ್ ಹೆಸರಿನ 42 ಸಂಖ್ಯೆಯ ಸಾಲು ಯಂತ್ರ ನಿದ್ದೆಗೆ ಹೋದ ಗುರುತು. ಪವರ್-ಟ್ರಬಲ್‌ಶೂಟರ್ ಹೆಸರಿನ 1 ಸಂಖ್ಯೆಯ ಸಾಲು ಎದ್ದ ಗುರುತು, ಎಬ್ಬಿಸಿದ್ದು ಯಾವುದು ಎಂಬುದೂ ಅನೇಕ ಸಲ ಅದರಲ್ಲೇ ಇರುತ್ತದೆ. 42ರ ನಂತರ 1 ಇದ್ದರೆ ವಿಂಡೋಸ್ ಎದ್ದಿತ್ತು, ಗ್ರಾಫಿಕ್ಸ್ ಕಡೆ ಹುಡುಕಿ. 42ರ ನಂತರ ನೇರವಾಗಿ 41 ಇದ್ದರೆ ಎದ್ದೇ ಇರಲಿಲ್ಲ. ಈ 41ನ್ನೇ ತೋರಿಸಿ 'ನೋಡಿ, ಪವರ್ ಎಂದು ಬರೆದಿದೆ, ಎಸ್‌ಎಂಪಿಎಸ್ ಬದಲಿಸಿ' ಎನ್ನುವುದುಂಟು. ಸರಿಯಾಗಿ ಶಟ್‌ಡೌನ್ ಆಗದೆ ಯಂತ್ರ ಮತ್ತೆ ಶುರುವಾಯಿತು ಎಂಬುದಷ್ಟೇ ಅದರ ಅರ್ಥ. ನೀವು ಬಟನ್ ಒತ್ತಿ ಹಿಡಿದರೂ ಅದೇ ಸಾಲು ಬರುತ್ತದೆ.

ಇನ್ನೊಂದು ಪರೀಕ್ಷೆ ಬಹಳ ಉಪಯುಕ್ತ, ಆದರೆ ಮಾಡುವವರು ಕಡಿಮೆ. ಸ್ಲೀಪ್ ಬದಲು ಹೈಬರ್ನೇಟ್ ಮಾಡಿ ನೋಡಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಪವರ್ ಬಟನ್ ಏನು ಮಾಡಬೇಕು ಎಂಬ ಪುಟಕ್ಕೆ ಹೋಗಿ ಹೈಬರ್ನೇಟ್‌ಗೆ ಗುರುತು ಹಾಕಿದರೆ ಅದು ಸ್ಟಾರ್ಟ್ ಮೆನುವಿಗೆ ಬರುತ್ತದೆ. ಹೈಬರ್ನೇಟ್‌ನಿಂದ ಚೆನ್ನಾಗಿ ಎದ್ದು ಸ್ಲೀಪ್‌ನಿಂದ ಮಾತ್ರ ಏಳದಿದ್ದರೆ ಅನುಮಾನ ರ‍್ಯಾಮ್, ಬಯೋಸ್, ಸ್ಟ್ಯಾಂಡ್‌ಬೈ ಸಪ್ಲೈಗಳ ಮೇಲೆ ಬೀಳುತ್ತದೆ. ಎರಡರಿಂದಲೂ ಏಳದಿದ್ದರೆ ಹೆಚ್ಚಾಗಿ ಡ್ರೈವರ್. ಪರೀಕ್ಷೆ ನಡೆಯುವಷ್ಟು ದಿನ ಹೈಬರ್ನೇಟ್‌ನಲ್ಲೇ ಕೆಲಸ ಸಾಗಿಸಬಹುದು, ತುಸು ನಿಧಾನ ಅಷ್ಟೇ.

ಡ್ರೈವರ್ ಅನುಮಾನ ಬಂದರೆ ಗ್ರಾಫಿಕ್ಸ್ ಮತ್ತು ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಬೆಸೆಯುವ ಚಿಪ್) ಎರಡರ ಡ್ರೈವರನ್ನೂ ಬೋರ್ಡ್ ಅಥವಾ ಕಾರ್ಡ್ ತಯಾರಕರ ತಾಣದಿಂದಲೇ ತಂದು ಹಾಕಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ ಹಳೆಯ ಯಂತ್ರಗಳಿಗೆ 11 ಹಾಕಿಸುತ್ತಿರುವವರು ಬಹಳ ಮಂದಿ. ಚಿತ್ರ ಬಂತು, ಸದ್ದು ಬಂತು ಎಂದು ಚಿಪ್‌ಸೆಟ್ ಡ್ರೈವರ್ ಹಾಕದೆ ಕೊಟ್ಟುಬಿಟ್ಟರೆ ಸ್ಲೀಪ್‌ನಲ್ಲಿ ತಕರಾರು ಶುರುವಾಗಬಹುದು. ಡ್ರೈವರ್ ಅಪ್‌ಡೇಟ್ ಆದ ಮರುದಿನದಿಂದ ತೊಂದರೆ ಬಂದಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ 'ರೋಲ್ ಬ್ಯಾಕ್' ಒತ್ತಿ ಹಿಂದಿನದಕ್ಕೆ ಮರಳಿ. ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಪಟ್ಟಿಯಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಆಫ್ ಮಾಡಿಯೂ ನೋಡಬಹುದು. ಡೆಸ್ಕ್‌ಟಾಪ್‌ನಲ್ಲಿ ಅದರಿಂದ ಆಗುವ ನಷ್ಟ ಅತ್ಯಲ್ಪ.

ಫಾಸ್ಟ್ ಸ್ಟಾರ್ಟಪ್ ಬಗ್ಗೆ ಒಂದು ಎಚ್ಚರಿಕೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಡ್ರೈವರ್‌ಗಳ ಸ್ಥಿತಿ ಡಿಸ್ಕ್‌ನಲ್ಲಿ ಉಳಿದು ಮರುದಿನ ಹಾಗೇ ಮರಳುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲವೂ ಹೊಸದಾಗಿ ಶುರು. ಅದನ್ನು ತೆಗೆಯಲು ಅನೇಕರು ಕಮಾಂಡ್ ಕೊಟ್ಟು ಹೈಬರ್ನೇಟನ್ನೇ ಪೂರ್ತಿ ಆಫ್ ಮಾಡಿಸುತ್ತಾರೆ. ಹಾಗೆ ಮಾಡಬೇಡಿ. ಹೈಬರ್ನೇಟ್ ಹೋದರೆ ಅದರ ಜೊತೆಗೆ 'ಹೈಬ್ರಿಡ್ ಸ್ಲೀಪ್' ಕೂಡ ಹೋಗುತ್ತದೆ. ಪವರ್ ಬಟನ್ ಪುಟದಲ್ಲೇ ಫಾಸ್ಟ್ ಸ್ಟಾರ್ಟಪ್‌ನ ಗುರುತು ಮಾತ್ರ ತೆಗೆದರೆ ಸಾಕು.

ಕರೆಂಟ್ ಪದೇ ಪದೇ ಹೋಗುವ ನಮ್ಮ ಊರುಗಳಿಗೆ ಈ ಹೈಬ್ರಿಡ್ ಸ್ಲೀಪ್ ತುಂಬ ಮುಖ್ಯ. ಅದು ಕೆಲಸವನ್ನು ರ‍್ಯಾಮಿನಲ್ಲೂ ಇಡುತ್ತದೆ, ಡಿಸ್ಕ್‌ನಲ್ಲೂ ಬರೆದಿಡುತ್ತದೆ. ಕರೆಂಟ್ ಉಳಿದರೆ ಬೇಗ ಏಳುತ್ತದೆ, ಹೋದರೆ ಡಿಸ್ಕ್‌ನಿಂದ ಮರಳುತ್ತದೆ. ಯುಪಿಎಸ್ ಇದೆಯಲ್ಲ ಎನ್ನಬೇಡಿ. ಸ್ಲೀಪ್‌ನಲ್ಲಿ ಕಂಪ್ಯೂಟರ್ ಎಳೆಯುವುದು ಕೆಲವೇ ವ್ಯಾಟ್. ಕೆಲವು ಸಣ್ಣ ಯುಪಿಎಸ್‌ಗಳು ಬ್ಯಾಟರಿಯಲ್ಲಿ ಓಡುವಾಗ ಇಷ್ಟು ಕಡಿಮೆ ಲೋಡ್ ಕಂಡರೆ ಏನೂ ಜೋಡಿಸಿಲ್ಲ ಎಂದೇ ಲೆಕ್ಕಹಾಕಿ, ಬ್ಯಾಟರಿ ಉಳಿಸಲು ತಾವೇ ಆಫ್ ಆಗುತ್ತವೆ. ಬೆಳಿಗ್ಗೆ ಬಂದು ನೋಡಿದರೆ ಯುಪಿಎಸ್ ಸತ್ತಿದೆ, ಕಂಪ್ಯೂಟರ್ ಏಳುತ್ತಿಲ್ಲ. ಯುಪಿಎಸ್ ಆನ್ ಮಾಡಿ ಪವರ್ ಬಟನ್ ಒತ್ತಿದರೆ ಎಲ್ಲ ಸರಿ! ಪವರ್ ಆಪ್ಷನ್ಸ್‌ನ ಅಡ್ವಾನ್ಸ್ಡ್ ಪಟ್ಟಿಯಲ್ಲಿ 'ಸ್ಲೀಪ್' ಕೆಳಗೆ ಹೈಬ್ರಿಡ್ ಸ್ಲೀಪ್ ಇದೆಯೇ ನೋಡಿ ಆನ್ ಮಾಡಿ. ಕಾಣದಿದ್ದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು, 'ಪವರ್' ಪದದ ಐದು ಇಂಗ್ಲಿಷ್ ಅಕ್ಷರಕ್ಕೆ ಅಂಟಿಸಿ ಸಿ, ಎಫ್, ಜಿ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ (/) ಮತ್ತು ಎ ಒತ್ತಿ ಎಂಟರ್ ಕೊಡಿ. ನಿಮ್ಮ ಯಂತ್ರಕ್ಕೆ ಯಾವ ಬಗೆಯ ನಿದ್ದೆ ಲಭ್ಯ, ಯಾವುದು ಏಕೆ ಲಭ್ಯವಿಲ್ಲ ಎಂಬುದನ್ನು ವಿಂಡೋಸೇ ಬರೆದು ತೋರಿಸುತ್ತದೆ.

ರ‍್ಯಾಮ್ ವಿಚಾರಕ್ಕೆ ಬಂದರೆ, ಬೇರೆ ಬೇರೆ ಕಂಪನಿಯ ಎರಡು ರ‍್ಯಾಮ್ ಪಟ್ಟಿ ಹಾಕಿರುವ, ಇಲ್ಲವೇ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ ವೇಗ ಏರಿಸಿರುವ ಯಂತ್ರಗಳು ದಿನವಿಡೀ ಚೆನ್ನಾಗಿ ಓಡಿ ಸ್ಲೀಪ್‌ನಿಂದ ಏಳುವಾಗ ಮಾತ್ರ ಮುಗ್ಗರಿಸುವುದುಂಟು. ಎಕ್ಸ್‌ಎಂಪಿ ಆಫ್ ಮಾಡಿ, ಒಂದೇ ಪಟ್ಟಿಯಲ್ಲಿ ಒಂದೆರಡು ದಿನ ನಡೆಸಿ ನೋಡಿ. ಪಟ್ಟಿ ತೆಗೆಯುವ ಮುನ್ನ ವೈರ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಕರೆಂಟ್ ಖಾಲಿ ಮಾಡಿ. ಚಿನ್ನದ ಬಣ್ಣದ ಅಂಚನ್ನು ಮೆತ್ತನೆಯ ರಬ್ಬರ್‌ನಿಂದ ಹಗುರವಾಗಿ ಉಜ್ಜಬಹುದು, ಆದರೆ ಪುಡಿ ಸ್ಲಾಟ್‌ಗೆ ಬೀಳಬಾರದು. ಮತ್ತೆ ಕೂರಿಸುವಾಗ ಕ್ಲಿಪ್ ಟಕ್ ಎಂದು ಬೀಳುವವರೆಗೆ ಒತ್ತಿ. ಹಾಗೇ ಕಂಪ್ಯೂಟರ್ ಗಡಿಯಾರ ಹಿಂದೆ ಬೀಳುತ್ತಿದ್ದರೆ ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಬದಲಿಸಿ, ಅದು ಸತ್ತರೆ ಬಯೋಸ್ ಸೆಟ್ಟಿಂಗ್ ಅಳಿಸಿಹೋಗುತ್ತವೆ. ಬಯೋಸ್ ಅಪ್‌ಡೇಟ್ ಕೊನೆಯ ಮಾತಾಗಲಿ. ಯುಪಿಎಸ್ ಇಲ್ಲದ ಕಡೆ ಅದನ್ನು ಮುಟ್ಟಲೇಬೇಡಿ.

ಬಟನ್ ಒತ್ತಿದರೂ ಫ್ಯಾನ್ ತಿರುಗದಿದ್ದರೆ, ಅಥವಾ ಒಂದು ಸುತ್ತು ತಿರುಗಿ ನಿಂತರೆ ಮಾತ್ರ ಎಸ್‌ಎಂಪಿಎಸ್ ಕಡೆ ತಿರುಗಬೇಕು. ಸ್ಟ್ಯಾಂಡ್‌ಬೈ ಸರ್ಕ್ಯೂಟ್ ಕಂಪ್ಯೂಟರ್ ಆಫ್ ಇದ್ದಾಗಲೂ, ಗೋಡೆಯ ಸ್ವಿಚ್ ಆನ್ ಇರುವಷ್ಟು ಹೊತ್ತೂ ಓಡುತ್ತಲೇ ಇರುತ್ತದೆ. ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಅದರ ಕೆಪಾಸಿಟರ್‌ಗಳು ಬೇಗ ಒಣಗುವುದು ಇದೇ ಕಾರಣಕ್ಕೆ. ಮೊದಲು ಕೀಬೋರ್ಡ್ ಬಿಟ್ಟು ಉಳಿದ ಯುಎಸ್‌ಬಿ ಸಾಧನಗಳನ್ನೆಲ್ಲ ಕಿತ್ತು ನೋಡಿ. ಚಾರ್ಜ್‌ಗೆ ಹಾಕಿಟ್ಟ ಮೊಬೈಲ್ ಕೂಡ ಆ ಸಣ್ಣ ಸಪ್ಲೈಯಿಂದಲೇ ಎಳೆಯುತ್ತಿರಬಹುದು. ಆಮೇಲೆ ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಬೋರ್ಡಿಗೆ ಹಾಕಿರುವ 24 ಪಿನ್ ಕನೆಕ್ಟರ್‌ನ ಹಿಂಬದಿಯಿಂದ ಕಪ್ಪು ಕಡ್ಡಿಯನ್ನು ಕಪ್ಪು ವೈರ್‌ಗೂ ಕೆಂಪು ಕಡ್ಡಿಯನ್ನು ನೇರಳೆ ವೈರ್‌ಗೂ ಮುಟ್ಟಿಸಿ. ಎಲ್ಲ ವೈರ್ ಕಪ್ಪಾಗಿದ್ದರೆ ನೇರಳೆಯ ಜಾಗ 9ನೇ ಪಿನ್. 4.75ರಿಂದ 5.25 ವೋಲ್ಟ್ ಒಳಗೆ ಇರಬೇಕು. ಯಂತ್ರ ಸ್ಲೀಪ್‌ನಲ್ಲಿದ್ದಾಗ ಒಮ್ಮೆ, ಎಬ್ಬಿಸಲು ಬಟನ್ ಒತ್ತುವ ಕ್ಷಣದಲ್ಲಿ ಒಮ್ಮೆ ನೋಡಿ. ಒತ್ತಿದ ಕ್ಷಣ ವೋಲ್ಟೇಜ್ ಕುಸಿದರೆ ಎಸ್‌ಎಂಪಿಎಸ್ ಮೇಲೆ ಬಲವಾದ ಅನುಮಾನ. ಬೇರೊಂದು ಒಳ್ಳೆಯ ಎಸ್‌ಎಂಪಿಎಸ್ ಹಾಕಿ ನೋಡಿದರೆ ಖಾತ್ರಿಯಾಗುತ್ತದೆ. ಅಭ್ಯಾಸವಿಲ್ಲದವರು ಇದನ್ನು ತಿಳಿದವರ ಕೈಯಲ್ಲಿ ಮಾಡಿಸಿ. ಎಸ್‌ಎಂಪಿಎಸ್ ಡಬ್ಬವನ್ನಂತೂ ಬಿಚ್ಚಬಾರದು, ವೈರ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಅಪಾಯದ ಮಟ್ಟದ ವೋಲ್ಟೇಜ್ ಉಳಿದಿರುತ್ತದೆ.

ಬೇರೆ ಎಸ್‌ಎಂಪಿಎಸ್, ಬೇರೆ ರ‍್ಯಾಮ್ ಹಾಕಿ, ಹೊರಗಿನ ಗ್ರಾಫಿಕ್ಸ್ ಕಾರ್ಡ್ ತೆಗೆದು ನೋಡಿದ ಮೇಲೂ ಏಳದಿದ್ದರೆ ಆಗ ಬೋರ್ಡ್ ಎನ್ನಬಹುದು. ಆದ್ದರಿಂದ ದುರಸ್ತಿ ಅಂಗಡಿಯವರಲ್ಲೂ, ಶಾಲೆ ಮತ್ತು ಸರ್ಕಾರಿ ಕಚೇರಿಗಳ ಕಂಪ್ಯೂಟರ್ ನಿರ್ವಹಣೆಯ ಗುತ್ತಿಗೆ ಹಿಡಿದವರಲ್ಲೂ ಒಂದು ಬೇಡಿಕೆ: ಬೋರ್ಡ್ ಹೋಗಿದೆ ಎಂದು ಬರೆಯುವ ಮುನ್ನ ಸ್ಟ್ಯಾಂಡ್‌ಬೈ ವೋಲ್ಟೇಜ್ ಎಷ್ಟಿತ್ತು, ಯಾವ ಭಾಗ ಬದಲಿಸಿ ನೋಡಲಾಯಿತು, ಹೈಬರ್ನೇಟ್‌ನಿಂದ ಎದ್ದಿತೇ ಎಂಬ ಮೂರು ವಿಷಯವನ್ನು ಬಿಲ್ ಅಥವಾ ವರದಿಯಲ್ಲಿ ನಮೂದಿಸಿ. ಗ್ರಾಹಕರು ಈ ಮೂರನ್ನು ಕೇಳಿ ಪಡೆಯಲಿ, ತೆಗೆದ ಹಳೆಯ ಭಾಗವನ್ನೂ ವಾಪಸ್ ತೆಗೆದುಕೊಳ್ಳಲಿ.

ಇಂತಿ,
ಡೆಸ್ಕ್‌ಟಾಪ್ ದುರಸ್ತಿ ಕೆಲಸದವರು,
ಹುಬ್ಬಳ್ಳಿ