ಲಾಭ ಯಾರಿಗಾಯಿತು ಅಂತಲೂ ಬರಿ

ಪ್ರೀತಿಯ ಮಗಳೇ,

ನಿನ್ನ ಕಾದಂಬರಿಯ ಹಸ್ತಪ್ರತಿ ಓದಿ ಮುಗಿಸಿದೆ. ಜೊತೆಗಿದ್ದ ಕಾಗದವನ್ನೂ ಓದಿದೆ. ‘ಇನ್ನು ಬರೆಯಲ್ಲ ಮೇಡಂ, ಅಮೆರಿಕದ ಅಟ್ಲಾಂಟಾದ ಕಪ್ಪು ಹೆಂಗಸರ ಕಥೆ ಕನ್ನಡದಲ್ಲಿ ಯಾರಿಗೆ ಬೇಕು’ ಅಂತ ಬರೆದಿದ್ದೀಯ. ನನಗೆ ಬೇಕು. ನಿದ್ದೆಗೆಟ್ಟು ಓದಿದ್ದೇನೆ. ಬರೆಯಲ್ಲ ಅನ್ನುವ ಮಾತು ಇನ್ನೊಂದು ಸಲ ಆಡಬೇಡ.

ಅಧ್ಯಾಯ ಎಷ್ಟು ಉದ್ದ ಇರಬೇಕು, ಸಂಭಾಷಣೆ ಯಾವ ಊರಿನ ಕನ್ನಡದಲ್ಲಿ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಒಂದೇ ವಿಷಯ ಹೇಳುತ್ತೇನೆ.

ಅದಕ್ಕೆ ಮುಂಚೆ ನಿನ್ನ ಎರಡನೇ ಅಧ್ಯಾಯ. ಹುಟ್ಟಿದ ಮಗುವನ್ನು ನೋಡಲು ಅಜ್ಜಿ ವಾರ್ಡಿಗೆ ಬರುತ್ತಾಳೆ. ಮಗು ಇನ್ನೂ ಕೆಂಪಗಿದೆ. ಅಜ್ಜಿ ಅದರ ಮುಖ ನೋಡುವುದಿಲ್ಲ. ಬಟ್ಟೆ ಸರಿಸಿ ಕಿವಿಯ ತುದಿ ನೋಡುತ್ತಾಳೆ. ಮುಚ್ಚಿದ ಮುಷ್ಟಿ ಬಿಡಿಸಿ ಉಗುರಿನ ಬುಡ ನೋಡುತ್ತಾಳೆ. ಮಗುವಿನ ಬಣ್ಣ ಮುಂದೆ ಎಲ್ಲಿಗೆ ಬಂದು ನಿಲ್ಲುತ್ತದೆ ಅಂತ ಅಲ್ಲಿ ಮೊದಲೇ ತಿಳಿಯುತ್ತದೆ ಅನ್ನುವುದು ಹಳೆಯ ನಂಬಿಕೆ. ಅಜ್ಜಿ ಏನೂ ಹೇಳದೆ ಬಟ್ಟೆ ಹೊದಿಸುತ್ತಾಳೆ. ಬಾಣಂತಿ ಗೋಡೆ ಕಡೆ ತಿರುಗಿ ಮಲಗುತ್ತಾಳೆ. ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವಳು ಮಾತ್ರ ಬರೆಯಬಲ್ಲ ಪುಟ ಅದು. ಅದರಲ್ಲಿ ಒಂದಕ್ಷರವನ್ನೂ ಮುಟ್ಟಬೇಡ.

ಆದರೆ ಆಮೇಲೆ ಏನು ಮಾಡಿದೆ ಮಾರಾಯ್ತಿ? ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಎಣ್ಣೆಗಪ್ಪು, ಚಿಕ್ಕವಳು ತಿಳಿ ಬಣ್ಣ. ಒಂದೇ ತಾಯಿ, ಒಂದೇ ಮನೆ, ಒಂದೇ ಶಾಲೆ. ಕಾದಂಬರಿ ಪೂರ್ತಿ ದೊಡ್ಡವಳು ಅಳುತ್ತಾಳೆ. ಚಿಕ್ಕವಳ ಬಗ್ಗೆ ಒಂದು ಸಾಲು ಬರುತ್ತದೆ: ‘ಚಿಕ್ಕವಳಿಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು.’ ಅಷ್ಟೇ. ನಾನು ಆ ಸಾಲಿನ ಹತ್ತಿರ ಬಂದು ನಿಂತೆ. ಹೇಗೆ ಸಿಕ್ಕಿತು? ಸಂದರ್ಶನದಲ್ಲಿ ಯಾರಿದ್ದರು? ಅದೇ ಕೆಲಸಕ್ಕೆ ದೊಡ್ಡವಳು ಅರ್ಜಿ ಹಾಕಿದ್ದಳಾ? ಮೊದಲ ಸಂಬಳ ಬಂದ ದಿನ ಚಿಕ್ಕವಳಿಗೆ ಅಕ್ಕನ ಮುಖ ನೋಡಲು ಆಯಿತಾ? ನೀನು ಬರೆಯಬೇಕಾದ ಕಾದಂಬರಿ ಆ ಸಾಲಿನ ಒಳಗಿದೆ.

ನಾನು ಹೇಳಬೇಕಾದದ್ದು ಇಷ್ಟೇ. ನೊಂದವಳನ್ನು ಬರೆದು ನಿಲ್ಲಿಸಬೇಡ. ಲಾಭ ಯಾರಿಗಾಯಿತು, ಎಷ್ಟಾಯಿತು, ಯಾರ ಕೈಯಿಂದ ಬಂತು ಅಂತಲೂ ಬರಿ. ನೋವನ್ನಷ್ಟೇ ಓದಿದವರು ಅಯ್ಯೋ ಪಾಪ ಅಂದು ಪುಸ್ತಕ ಮುಚ್ಚುತ್ತಾರೆ. ಲಾಭ ಕಂಡಾಗ ಮಾತ್ರ ಲೆಕ್ಕ ಕೇಳುತ್ತಾರೆ.

ಈ ಬಣ್ಣದ ಲೆಕ್ಕ ಶುರುವಾದದ್ದೇ ಆಸ್ತಿಯ ಲೆಕ್ಕದಿಂದ. 1662ರಲ್ಲಿ ವರ್ಜೀನಿಯಾದಲ್ಲಿ ಒಂದು ಕಾನೂನು ಬಂತು. ಮಗು ಸ್ವತಂತ್ರವೋ ಗುಲಾಮವೋ ಅನ್ನುವುದು ತಾಯಿಯನ್ನು ನೋಡಿ ತೀರ್ಮಾನವಾಗುತ್ತದೆ ಅಂತ. ಅಂದರೆ ಯಜಮಾನ ತನ್ನ ಗುಲಾಮ ಹೆಂಗಸಿನ ಮೇಲೆ ಬಲಾತ್ಕಾರ ಮಾಡಿ ಹುಟ್ಟಿಸಿದ ಮಗುವೂ ಅವನ ಆಸ್ತಿ. ಅಂಥ ಮಕ್ಕಳನ್ನು ಮಾರಿದ ಅಪ್ಪಂದಿರು ಇದ್ದರು. ಕೆಲವರು ಮಾತ್ರ ಬಿಡುಗಡೆ ಕೊಟ್ಟರು, ಕಸುಬು ಕಲಿಸಿದರು, ಸ್ವಲ್ಪ ದುಡ್ಡೋ ನೆಲವೋ ಬಿಟ್ಟುಹೋದರು. ಹೀಗೆ ಅಮೆರಿಕದ ದಕ್ಷಿಣದ ಊರುಗಳಲ್ಲಿ ತಿಳಿ ಬಣ್ಣದ ಸ್ವತಂತ್ರರ ಒಂದು ಸಣ್ಣ ವರ್ಗ ಬೆಳೆಯಿತು.

ಚಾರ್ಲ್‌ಸ್ಟನ್‌ನ ಕಥೆ ನಿನಗೆ ಹೇಳಲೇಬೇಕು. 1790ರಲ್ಲಿ ಅಲ್ಲಿನ ಮಿಶ್ರ ಬಣ್ಣದ ಸ್ವತಂತ್ರ ಗಂಡಸರು ಬ್ರೌನ್ ಫೆಲೋಶಿಪ್ ಸೊಸೈಟಿ ಅಂತ ಕಟ್ಟಿಕೊಂಡರು. ಅವರು ಹೋಗುತ್ತಿದ್ದ ಚರ್ಚಿನವರು ತಮ್ಮ ಸ್ಮಶಾನದಲ್ಲಿ ಇವರನ್ನು ಹೂಳಲು ಬಿಡುತ್ತಿರಲಿಲ್ಲ. ಅದಕ್ಕೆ ಸ್ವಂತ ಸ್ಮಶಾನ ಮಾಡಿಕೊಂಡರು. ವಿಧವೆಯರಿಗೆ ನೆರವು, ಮಕ್ಕಳಿಗೆ ಓದು, ಎಲ್ಲ ಇತ್ತು. ಒಳ್ಳೆಯ ಕೆಲಸವೇ. ಆದರೆ ಕಡುಗಪ್ಪು ಬಣ್ಣದ ಸ್ವತಂತ್ರರಿಗೆ ಅಲ್ಲಿ ಜಾಗ ಇರಲಿಲ್ಲ. 1843ರಲ್ಲಿ ಅವರು ಬೇರೆ ಸಂಘ ಮಾಡಿದರು, ಬೇರೆ ಸ್ಮಶಾನ ಮಾಡಿದರು. ಎರಡೂ ಸ್ಮಶಾನ ಅಕ್ಕಪಕ್ಕದಲ್ಲೇ. ನಡುವೆ ಬೇಲಿ. ಬಿಳಿಯರು ಹೊರಗಿಟ್ಟ ಹೆಣಗಳ ನಡುವೆಯೂ ಬೇಲಿ! ಬ್ರೌನ್ ಸೊಸೈಟಿಯ ಕೆಲವು ಸದಸ್ಯರು ಸ್ವತಃ ಗುಲಾಮರನ್ನು ಇಟ್ಟುಕೊಂಡಿದ್ದರು. ಇದನ್ನು ಓದಿದಾಗ ಎದೆ ಹಿಂಡುತ್ತದೆ. ಹಿಂಡಲಿ. ಬರೆಯುವವಳು ಅಲ್ಲಿಂದ ಎದ್ದು ಹೋಗಬಾರದು.

ನನ್ನ ಹಳೆಯ ಸಿಟ್ಟೊಂದು ಇಲ್ಲೇ ಇದೆ. ಬಹಳ ಹಿಂದೆ ಆ ಬೇಲಿಯ ಬಗ್ಗೆ ಒಂದು ಪತ್ರಿಕೆಗೆ ದೊಡ್ಡ ಲೇಖನ ಬರೆದೆ. ಸಂಪಾದಕರು ಸೊಸೈಟಿಯ ಭಾಗ ಪೂರ್ತಿ ಕಿತ್ತುಹಾಕಿದರು. ಬಿಳುಪಿನ ಕ್ರೀಮ್ ಹಚ್ಚಿಕೊಂಡು ಅಳುವ ಹುಡುಗಿಯ ಭಾಗ ಮಾತ್ರ ಅಚ್ಚಾಯಿತು. ಕೇಳಿದ್ದಕ್ಕೆ, ‘ತುಳಿತಕ್ಕೆ ಒಳಗಾದವರಲ್ಲೇ ಒಡಕು ತೋರಿಸಬಾರದು’ ಅಂದರು. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಒಡಕನ್ನು ಮೊದಲು ತೋರಿಸಿದವರು ಕಪ್ಪು ಲೇಖಕರೇ ಅಲ್ವಾ? 1920ರ ದಶಕದಲ್ಲೇ ಜೋರಾ ನೀಲ್ ಹರ್ಸ್ಟನ್ ಇದರ ಮೇಲೆ ನಾಟಕ ಬರೆದರು. 1982ರಲ್ಲಿ ಆಲಿಸ್ ವಾಕರ್ ಒಂದೇ ಜನಾಂಗದೊಳಗಿನ ಈ ಬಣ್ಣದ ಭೇದಕ್ಕೆ ಕಲರಿಸಂ ಅಂತ ಹೆಸರಿಟ್ಟು ಬರೆದರು. ಇಬ್ಬರೂ ತಮ್ಮ ಜನರನ್ನು ಜೀವದಷ್ಟು ಪ್ರೀತಿಸಿದವರು. ದೂರದಲ್ಲಿ ಕೂತ ನಮಗೆ ಅವರಿಗಿಂತ ಜಾಸ್ತಿ ಅಂಜಿಕೆ ಯಾಕೆ?

ನಿನ್ನ ಕಂದು ಕಾಗದದ ಚೀಲದ ಅಧ್ಯಾಯಕ್ಕೆ ಬರುತ್ತೇನೆ. ಬಾಗಿಲಲ್ಲಿ ಚೀಲ ಹಿಡಿದು, ಅದಕ್ಕಿಂತ ಕಪ್ಪಗಿದ್ದವರನ್ನು ಕೂಟದಿಂದ ವಾಪಸ್ ಕಳಿಸುವ ದೃಶ್ಯ. ಇದು ಹೆಚ್ಚಾಗಿ ಬಾಯಿಂದ ಬಾಯಿಗೆ ಬಂದ ನೆನಪು, ಎಲ್ಲೂ ಬರೆದಿಟ್ಟ ನಿಯಮವಲ್ಲ. ಹಾಗೆಯೇ ಬರಿ, ಒಬ್ಬ ಮುದುಕಿಯ ಬಾಯಲ್ಲಿ ಹೇಳಿಸು. ಆದರೆ ನೀನು ಬಾಗಿಲ ಹೊರಗೇ ನಿಂತುಬಿಟ್ಟಿದ್ದೀಯ. ಒಳಗೆ ಹೋಗು. ಒಳಗೆ ಬರೀ ಕುಣಿತ ಇರಲಿಲ್ಲ. ಡಾಕ್ಟರು, ವಕೀಲರು, ಶಾಲೆಯ ಹೆಡ್‌ಮಾಸ್ಟರು ಅಲ್ಲಿ ಸೇರುತ್ತಿದ್ದರು. ಮಗಳಿಗೆ ಗಂಡು ಸಿಗುತ್ತಿದ್ದದ್ದು ಅಲ್ಲಿ. ಯಾವ ಶಾಲೆಯಲ್ಲಿ ಟೀಚರ್ ಕೆಲಸ ಖಾಲಿ ಇದೆ ಅಂತ ಗೊತ್ತಾಗುತ್ತಿದ್ದದ್ದು ಅಲ್ಲಿ. ವಾಪಸ್ ಹೋದವಳಿಗೆ ಒಂದು ಸಂಜೆಯ ಜೊತೆಗೆ ಇದೆಲ್ಲ ತಪ್ಪಿತು.

ಕ್ರೀಮಿನ ಕಥೆಯೂ ಹಾಗೆಯೇ. 1920ರ ದಶಕದಲ್ಲಿ ಕಪ್ಪು ಜನರ ಹಕ್ಕಿಗಾಗಿ ಗಂಟಲು ಹರಿದುಕೊಂಡ ಪತ್ರಿಕೆಗಳಲ್ಲಿ, ಶಿಕಾಗೊ ಡಿಫೆಂಡರ್‌ನಲ್ಲೂ, ಬಿಳುಪಿನ ಕ್ರೀಮಿನ ಜಾಹೀರಾತು ಬರುತ್ತಿತ್ತು. ಒಂದು ಪುಟದಲ್ಲಿ ಹೋರಾಟ, ಇನ್ನೊಂದು ಪುಟದಲ್ಲಿ ‘ಬಣ್ಣ ತಿಳಿಯಾಗುತ್ತದೆ’ ಅನ್ನುವ ಡಬ್ಬಿ. ಆ ಜಾಹೀರಾತಿನ ದುಡ್ಡೂ ಪತ್ರಿಕೆಗೆ ಬೇಕಿತ್ತು. ಆ ಪತ್ರಿಕೆಯ ಲೆಕ್ಕ ಬರೆಯುವ ಗುಮಾಸ್ತನನ್ನು ಒಂದು ಪಾತ್ರ ಮಾಡು. ಕನ್ನಡಿ ಮುಂದೆ ಅಳುವವಳಿಗಿಂತ ಅವನಿಂದ ನಿನಗೆ ಜಾಸ್ತಿ ಸಿಗುತ್ತದೆ.

‘ಇದೆಲ್ಲ ಹಳೇ ಕಾಲದ್ದು ಅಂತ ಓದುಗರು ಅಂದರೆ’ ಅಂತ ಕೇಳಿದ್ದೀಯ. 1991ರಲ್ಲಿ ವೆರ್ನಾ ಕೀತ್, ಸೆಡ್ರಿಕ್ ಹೆರಿಂಗ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು ಕಪ್ಪು ಜನರ ಬಗ್ಗೆ ನಡೆದ 1979-80ರ ಒಂದು ದೊಡ್ಡ ಸಮೀಕ್ಷೆ ಕೆದಕಿ ನೋಡಿದರು. ಮನೆತನದ ಹಿನ್ನೆಲೆಯನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ತಿಳಿ ಬಣ್ಣದವರಿಗೆ ಓದು, ಕೆಲಸ, ಆದಾಯ ಎಲ್ಲದರಲ್ಲೂ ಮೇಲುಗೈ ಇತ್ತು. 2007ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ಕೂಲಿಯ ಲೆಕ್ಕ ಹಾಕಿದರು. ಬಣ್ಣ ಗಾಢವಾದಷ್ಟೂ ಬಿಳಿಯರ ಕೂಲಿಗೂ ಕಪ್ಪು ಜನರ ಕೂಲಿಗೂ ನಡುವಿನ ಅಂತರ ಹಿಗ್ಗುತ್ತಿತ್ತು. ಜೈಲಿನಲ್ಲೂ ಅಷ್ಟೇ. ನಾರ್ತ್ ಕ್ಯಾರೊಲಿನಾದಲ್ಲಿ 1995ರಿಂದ 2009ರವರೆಗೆ ಜೈಲಿಗೆ ಹೋದ 12,000ಕ್ಕೂ ಹೆಚ್ಚು ಕಪ್ಪು ಹೆಂಗಸರ ದಾಖಲೆ ನೋಡಿದರೆ, ತಿಳಿ ಬಣ್ಣದವರಿಗೆ ಸುಮಾರು 12 ಶೇಕಡಾ ಕಡಿಮೆ ಶಿಕ್ಷೆ ಬಿದ್ದಿತ್ತು. ಈ ಅಂಕಿಗಳನ್ನು ಕಾದಂಬರಿಯಲ್ಲಿ ತುರುಕಬೇಡ. ನಿನ್ನ ಮನಸ್ಸಿನಲ್ಲಿರಲಿ. ಚಿಕ್ಕವಳು ಬ್ಯಾಂಕಿನ ಮೆಟ್ಟಿಲು ಹತ್ತುವಾಗ ಕೈ ತಾನಾಗಿ ಸರಿಯಾಗಿ ಬರೆಯುತ್ತದೆ.

ಕೂಲಿಯ ಚೀಟಿ ಬರೆಯುವವರು, ಶಿಕ್ಷೆ ಹಾಕುವವರು ಹೆಚ್ಚಾಗಿ ಬಿಳಿಯರೇ ಅನ್ನುವುದನ್ನು ಮಾತ್ರ ಮರೆಯಬೇಡ. ಮನೆಯೊಳಗಿನ ಭೇದವನ್ನು ಮನೆಯವರ ತಲೆಗೇ ಕಟ್ಟಿಬಿಟ್ಟರೆ ಅದೂ ಸುಳ್ಳೇ. ಆದರೆ ಮನೆಯವರೂ ಮಾಡುತ್ತಾರೆ. ನಿನ್ನ ಅಟ್ಲಾಂಟಾದ ಹತ್ತಿರವೇ, ಜೋನ್ಸ್‌ಬರೋದ ಒಂದು ರೆಸ್ಟೋರೆಂಟಿನಲ್ಲಿ, ತಿಳಿ ಬಣ್ಣದ ಕಪ್ಪು ಮ್ಯಾನೇಜರ್ ಕಡುಗಪ್ಪು ಬಣ್ಣದ ಸಪ್ಲಾಯರ್‌ನನ್ನು ಬಣ್ಣ ಹಿಡಿದು ಹೀಯಾಳಿಸುತ್ತಿದ್ದ ಅನ್ನುವ ಆರೋಪ ಬಂತು. ದೂರು ಸರ್ಕಾರದ ಆಯೋಗಕ್ಕೆ ಹೋಯಿತು. 2003ರಲ್ಲಿ 40,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು. 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿ ಜನಾಂಗ ಬೇರೆ, ಬಣ್ಣ ಬೇರೆ ಅಂತ ಎರಡನ್ನೂ ಬರೆದಿದ್ದರಿಂದಲೇ ಅದು ಸಾಧ್ಯವಾಯಿತು. ಇದಕ್ಕೆ ಮುಂಚೆ, 1989ರಲ್ಲಿ, ನಿನ್ನ ಊರಿನ ಫೆಡರಲ್ ಕೋರ್ಟಿಗೇ ತಿರುಗುಮುರುಗಾದ ಕೇಸು ಬಂದಿತ್ತು. ತಿಳಿ ಬಣ್ಣದ ಹೆಂಗಸು, ಕಪ್ಪು ಬಣ್ಣದ ಮೇಲಧಿಕಾರಿ. ಒಂದೇ ಜನಾಂಗದವರ ನಡುವೆಯೂ ಬಣ್ಣದ ಭೇದದ ದೂರು ನಿಲ್ಲುತ್ತದೆ ಅಂತ ಕೋರ್ಟು ಒಪ್ಪಿತು. ಆಮೇಲೆ ಆಕೆ ಕೇಸು ಸೋತಳು, ಅದು ಬೇರೆ ಮಾತು.

ಹಾಗಾದರೆ ಚಿಕ್ಕವಳಿಗೆ ನೋವೇ ಇಲ್ಲವಾ? ಇದೆ. ಕಪ್ಪು ಜನರ ಹೋರಾಟದ ನಾಯಕ ಮಾಲ್ಕಮ್ ಎಕ್ಸ್ ತಮ್ಮ ಮನೆಯ ಬಗ್ಗೆ ಹೇಳಿಕೊಂಡಿದ್ದಾರೆ. ಮಕ್ಕಳಲ್ಲಿ ಎಲ್ಲರಿಗಿಂತ ತಿಳಿ ಬಣ್ಣ ಅವರದ್ದೇ. ಬಿಳಿಯರನ್ನು ಅಷ್ಟು ವಿರೋಧಿಸಿದ ಅಪ್ಪ, ತನಗೇ ಗೊತ್ತಿಲ್ಲದೆ ಈ ಮಗನ ಕಡೆ ವಾಲುತ್ತಿದ್ದರು. ಸ್ವತಃ ಬಿಳಿಯರಂತೆ ಕಾಣುತ್ತಿದ್ದ ಅಮ್ಮ ಅದೇ ಬಣ್ಣಕ್ಕಾಗಿ ಅವರ ಮೇಲೆ ಜಾಸ್ತಿ ಕಟುವಾಗಿದ್ದರು. ನೋಡು, ಒಂದೇ ಮನೆಯಲ್ಲಿ ಎಷ್ಟು ಗಂಟು. ‘ನೀನು ನಮ್ಮವಳೇ ಅಲ್ಲ’ ಅನ್ನಿಸಿಕೊಳ್ಳುವ ನೋವು ಚಿಕ್ಕವಳಿಗೂ ಇರಲಿ. ಅದನ್ನು ಬರಿ. ಆದರೆ ಅದನ್ನು ತಕ್ಕಡಿಗೆ ಹಾಕಿ ಇಬ್ಬರ ನೋವೂ ಸಮ ಅಂತ ತೋರಿಸಲು ಹೋಗಬೇಡ. ಒಬ್ಬಳಿಗೆ ನೋವಿನ ಜೊತೆ ಸಂಬಳವೂ ಬಂತು.

ಕೊನೆಯ ಅಧ್ಯಾಯ ತೆಗೆದುಹಾಕು. ದಾವಣಗೆರೆಯ ನಿನ್ನ ಅತ್ತೆ, ‘ಬೆಳ್ಳಗಿರುವ ಹುಡುಗಿ ಬೇಕು’ ಅನ್ನುವ ವಧು ಬೇಕಾಗಿದೆ ಜಾಹೀರಾತು, ನಮ್ಮಲ್ಲೂ ಹೀಗೇ ಅಲ್ವಾ ಅನ್ನುವ ಮಾತು. ನಮ್ಮಲ್ಲೂ ಇದೆ, ಯಾರು ಇಲ್ಲ ಅಂದರು? ಆದರೆ ನಮ್ಮ ಬಣ್ಣದ ಹುಚ್ಚಿನ ಬೇರು ಜಾತಿಯಲ್ಲಿದೆ, ವರದಕ್ಷಿಣೆಯಲ್ಲಿದೆ. ಅವರದ್ದು ಗುಲಾಮಗಿರಿಯಲ್ಲಿದೆ. ಎರಡನ್ನೂ ಒಂದೇ ಗಂಟು ಕಟ್ಟಿದರೆ ಎರಡರ ಲಾಭಕೋರರೂ ತಪ್ಪಿಸಿಕೊಳ್ಳುತ್ತಾರೆ. ಅತ್ತೆಯ ಕಥೆ ಬರೆಯಬೇಕು ಅನ್ನಿಸಿದರೆ ಬೇರೆ ಪುಸ್ತಕ ಬರಿ, ಅಲ್ಲಿಯೂ ಲೆಕ್ಕ ತೆಗಿ.

ಸದ್ಯಕ್ಕೆ ಬ್ಯಾಂಕಿನ ಅಧ್ಯಾಯ ಬರೆದು ಕಳಿಸು. ಸಂದರ್ಶನದ ಕೋಣೆಯಿಂದ ಶುರು ಮಾಡು. ಮೇಜಿನ ಆ ಕಡೆ ಕೂತವನ ಮುಂದೆ ಇಬ್ಬರ ಅರ್ಜಿಯೂ ಇರಲಿ, ಅವನು ಏನು ನೋಡಿ ಯಾವುದನ್ನು ಪಕ್ಕಕ್ಕಿಟ್ಟ ಅಂತ ನನಗೆ ತಿಳಿಯಬೇಕು. ರಾತ್ರಿ ಪಾಳಿ ಮುಗಿಸಿ ಬಂದ ದಿನ ಬರೆಯಬೇಡ, ಮಲಗು. ಎಷ್ಟು ತಡವಾದರೂ ನಾನು ಕಾಯುತ್ತೇನೆ.

ಪ್ರೀತಿಯಿಂದ,
ನಿನ್ನ ಮೇಡಂ