ಕ್ರಿಸ್ಮಸ್ ಖರ್ಚಿಗೂ ಒಂದು ಅಳತೆ ಇರಲಿ

ಮಾನ್ಯ ಸಂಪಾದಕರೇ,

ನವೆಂಬರ್ ಕೊನೆಯ ವಾರ ಬಂತೆಂದರೆ ಬೀದರಿನ ಅಂಗಡಿಗಳ ಮುಂದೆ ನಕ್ಷತ್ರದ ದೀಪಗಳು ತೂಗುತ್ತವೆ. ಪಕ್ಕದಲ್ಲೇ ‘ಈಗ ಒಯ್ಯಿರಿ, ಕಂತಿನಲ್ಲಿ ಕಟ್ಟಿರಿ’ ಎಂಬ ಬೋರ್ಡೂ ಇರುತ್ತದೆ. ನಮ್ಮ ಭಾಗದ ಕ್ರೈಸ್ತ ಕುಟುಂಬಗಳಲ್ಲಿ ಬಹಳಷ್ಟು ಕೂಲಿಯನ್ನೋ, ಎರಡು ಮೂರು ಎಕರೆ ಒಣಬೇಸಾಯವನ್ನೋ, ಸಣ್ಣ ನೌಕರಿಯನ್ನೋ ನಂಬಿ ಬದುಕುವಂಥವು. ಡಿಸೆಂಬರಿನಲ್ಲಿ ತೊಗರಿ ಇನ್ನೂ ಹೊಲದಲ್ಲೋ ಕಣದಲ್ಲೋ ಇರುತ್ತದೆ. ಹೆಸರು, ಉದ್ದು, ಸೋಯಾ ಮಾರಿ ಬಂದ ದುಡ್ಡು ಅಷ್ಟೊತ್ತಿಗೆ ಕಿರಾಣಿ ಅಂಗಡಿಯ ಉದ್ರಿಗೆ, ಗೊಬ್ಬರದ ಬಾಕಿಗೆ ಹೋಗಿ ಮುಗಿದಿರುತ್ತದೆ. ಕೈ ಬರಿದಾದ ತಿಂಗಳಲ್ಲೇ ವರ್ಷದ ದೊಡ್ಡ ಹಬ್ಬ ಬರುತ್ತದೆ. ಜನವರಿಯಲ್ಲಿ ಕಂತಿನವರು ಬಾಗಿಲಿಗೆ ಬಂದು ನಿಲ್ಲುವುದು ಇದೇ ಕಾರಣಕ್ಕೆ. ಸಭೆಯ, ಅಂದರೆ ಚರ್ಚಿನ, ಲೆಕ್ಕಪತ್ರ ನೋಡುವ ನಾವು ಹಬ್ಬಕ್ಕೆ ಮೊದಲೇ ನಾಲ್ಕು ಮಾತು ಹೇಳಬೇಕೆಂದು ಇದನ್ನು ಬರೆಯುತ್ತಿದ್ದೇವೆ.

ಅಗತ್ಯ ಯಾವುದು, ಆಸೆ ಯಾವುದು ಎಂದು ಕೇಳಿದರೆ ‘ಆಸೆಯೇ ಪಾಪ, ಬಿಟ್ಟುಬಿಡಿ’ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಅದರಿಂದ ಯಾವ ಮನೆಯ ಲೆಕ್ಕವೂ ಸರಿಹೋಗುವುದಿಲ್ಲ. ಸತ್ಯವೇದದಲ್ಲಿ (ಬೈಬಲಿನಲ್ಲಿ) ಇದಕ್ಕೊಂದು ಅಳತೆಯೇ ಇದೆ. ವಿಮೋಚನಕಾಂಡದ 16ನೇ ಅಧ್ಯಾಯ ತೆಗೆದು ನೋಡಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರವಾದ ಮನ್ನ ಬಿದ್ದಾಗ ತಲೆಗೊಂದು ಓಮೆರ್ ಎಂದು ಅಪ್ಪಣೆಯಾಯಿತು. ಓಮೆರ್ ಅಂದರೆ ಹೆಚ್ಚುಕಡಿಮೆ ಎರಡು ಲೀಟರ್. ಮನೆಯಲ್ಲಿ ಎಷ್ಟು ಜನವೋ ಅಷ್ಟು ಓಮೆರ್. ಅಪ್ಪಣೆ ಮೀರಿ ಬೆಳಗಿನವರೆಗೆ ಇಟ್ಟುಕೊಂಡದ್ದು ಹುಳ ಬಿದ್ದು ನಾರಿತು. ಇಷ್ಟನ್ನು ಪ್ರಸಂಗಗಳಲ್ಲಿ ಎಲ್ಲರೂ ಕೇಳಿದ್ದೇವೆ. ಅದೇ ಅಧ್ಯಾಯದಲ್ಲಿ ಆರನೆಯ ದಿನ ಎರಡರಷ್ಟು ಕೂಡಿಸಿಕೊಂಡದ್ದೂ ಇದೆ, ಏಕೆಂದರೆ ಮರುದಿನ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಅಂದು ಹೊಲದಲ್ಲಿ ಏನೂ ಸಿಗುವುದಿಲ್ಲ. ಆ ದಿನಕ್ಕೆಂದು ಇಟ್ಟದ್ದು ನಾರಲಿಲ್ಲ.

‘ನಾಳೆಗೆ ಕೂಡಿಡುವುದು ಅವಿಶ್ವಾಸ’ ಎನ್ನುವವರು ಈ ಆರನೆಯ ದಿನವನ್ನು ಮರೆತುಬಿಡುತ್ತಾರೆ. ಬರಿಗೈ ದಿನ ಬರುತ್ತದೆಂದು ಗೊತ್ತಿದ್ದು ಅದಕ್ಕೆ ಎತ್ತಿಡುವುದು ಬೇರೆ, ಇದ್ದ ಕಣಜ ಕೆಡವಿ ಇನ್ನೂ ದೊಡ್ಡದು ಕಟ್ಟುವ ಲೂಕ 12ರ ಐಶ್ವರ್ಯವಂತನ ಯೋಚನೆ ಬೇರೆ. ನಮ್ಮ ಕಡೆಯ ಬರಿಗೈ ದಿನಗಳು ಮನೆಯ ಮಕ್ಕಳಿಗೂ ಗೊತ್ತು. ಜೂನ್‌ನಲ್ಲಿ ಬೀಜ, ಗೊಬ್ಬರ, ಶಾಲೆಯ ಫೀಸು ಒಟ್ಟಿಗೆ ಬರುತ್ತವೆ. ಮಳೆ ಹಿಡಿದರೆ ಗೌಂಡಿ ಕೆಲಸ ನಿಲ್ಲುತ್ತದೆ. ಡಿಸೆಂಬರಿನಲ್ಲಿ ಹಬ್ಬ. ಇವುಗಳಿಗೆ ಎತ್ತಿಡುವುದು ಅಗತ್ಯದ ಸಾಲಿನಲ್ಲೇ ಬರಬೇಕು.

ಲೆಕ್ಕವನ್ನು ಹೀಗೆ ಮಾಡಿ ನೋಡಿ. ತಿಂಗಳಿಗೆ 18,000 ರೂಪಾಯಿ ಬರುವ, ಬಾಡಿಗೆ ಮನೆಯಲ್ಲಿರುವ ಐದು ಜನರ ಕುಟುಂಬ ಎಂದಿಟ್ಟುಕೊಳ್ಳೋಣ. ದಶಮಾಂಶ, ಅಂದರೆ ಸಭೆಗೆ ಕೊಡುವ ಹತ್ತರಲ್ಲೊಂದು ಪಾಲು, 1,800. ಊಟ ಮತ್ತು ಗ್ಯಾಸ್ 6,500. ಬಾಡಿಗೆ 3,000. ಮಕ್ಕಳ ಶಾಲೆ 1,700. ಕರೆಂಟು, ಫೋನು 700. ವಯಸ್ಸಾದವರ ಔಷಧ 800. ಓಡಾಟ 1,000. ಒಟ್ಟು 15,500. ಉಳಿದ 2,500ರಲ್ಲಿ 1,500 ಆರನೆಯ ದಿನದ ಡಬ್ಬಿಗೆ, 1,000 ಆಸೆಯ ಡಬ್ಬಿಗೆ. ಅಂಕಿಗಳು ಮನೆ ಮನೆಗೆ ಬದಲಾಗುತ್ತವೆ, ಸಾಲುಗಳು ಬದಲಾಗುವುದಿಲ್ಲ. ಹಣ ಕೈಗೆ ಬಂದ ದಿನವೇ, ಗಂಡ ಹೆಂಡತಿ ಇಬ್ಬರೂ ಕೂತು, ತಿಳಿವಳಿಕೆ ಬಂದ ಮಕ್ಕಳನ್ನೂ ಕೂಡಿಸಿಕೊಂಡು, ಒಂದು ಹಾಳೆಯ ಮೇಲೆ ಬರೆದು ಬೇರೆ ಬೇರೆ ಡಬ್ಬಿಗೆ ಹಾಕಬೇಕು. ಗಂಡಸೊಬ್ಬನೇ ಬರೆದ ಹಾಳೆ ಮೂರನೇ ವಾರಕ್ಕೆ ಸುಳ್ಳಾಗುತ್ತದೆ, ಏಕೆಂದರೆ ಎಣ್ಣೆ ಯಾವಾಗ ಮುಗಿಯುತ್ತದೆ, ಮಗುವಿನ ಚಪ್ಪಲಿ ಯಾವಾಗ ಕಿತ್ತಿದೆ ಎಂಬುದು ಅವನಿಗೆ ಗೊತ್ತಿರುವುದಿಲ್ಲ.

ಆಸೆಯ ಡಬ್ಬಿಗೆ ಸೊನ್ನೆ ಬರೆಯುವುದು ಇನ್ನೊಂದು ದೊಡ್ಡ ತಪ್ಪು. ಭಕ್ತಿ ಹೆಚ್ಚಿರುವ ಮನೆಗಳಲ್ಲೇ ಇದು ಹೆಚ್ಚು. ಎರಡು ತಿಂಗಳು ಬಿಗಿಹಿಡಿದು ಮೂರನೇ ತಿಂಗಳು ಯಾರೋ ಒಬ್ಬರು ಗುಟ್ಟಾಗಿ ಸಾಲ ಮಾಡುತ್ತಾರೆ. ಅದಕ್ಕಿಂತ, ಬೇಕೆನಿಸಿದ್ದನ್ನು ತಾರೀಖು ಹಾಕಿ ಹಾಳೆಯ ಹಿಂಬದಿ ಬರೆದಿಡಿ. ಮೂವತ್ತು ದಿನ ಕಳೆದ ಮೇಲೂ ಬೇಕೆನಿಸಿದರೆ ಆ ಡಬ್ಬಿಯಿಂದಲೇ ತನ್ನಿ. ಇನ್ನೊಂದು ಮಾತು, ಒಬ್ಬರ ಆಸೆ ಇನ್ನೊಬ್ಬರಿಗೆ ಅಗತ್ಯವಾಗಿರಬಹುದು. ಮನೆ ಹೊಲಿಗೆಯಿಂದಲೇ ನಡೆಯುತ್ತಿದ್ದರೆ ಹೊಲಿಗೆ ಯಂತ್ರ ಅಗತ್ಯ. ಧರ್ಮೋಪದೇಶಕಾಂಡ 24:6 ಬೀಸುವ ಕಲ್ಲನ್ನು ಒತ್ತೆ ತೆಗೆದುಕೊಳ್ಳಬಾರದು ಎನ್ನುವುದೂ ಇದಕ್ಕೇ, ಅದು ಜೀವವನ್ನೇ ಒತ್ತೆ ಇಟ್ಟಂತೆ. ಪಕ್ಕದ ಮನೆಯವರ ಡಬ್ಬಿಯ ಬಗ್ಗೆ ತೀರ್ಪು ಕೊಡುವ ಕೆಲಸ ನಮ್ಮದಲ್ಲ.

ಈಗ ಹಬ್ಬಕ್ಕೆಂದು ಇದೇ ಕುಟುಂಬ ದೊಡ್ಡ ಟಿವಿ, ಸೋಫಾ ಸೇರಿ 60,000 ರೂಪಾಯಿಯ ಸಾಮಾನು ಕಂತಿನಲ್ಲಿ ತಂದಿತು ಅನ್ನಿ. ‘ವರ್ಷಕ್ಕೆ ಬರೀ 12 ಪರ್ಸೆಂಟ್’ ಎನ್ನುತ್ತಾರೆ. ಅದು ಅಸಲು ಕರಗಿದರೂ ಪೂರ್ತಿ ಮೊತ್ತದ ಮೇಲೇ ಎಣಿಸುವ ಫ್ಲ್ಯಾಟ್ ಬಡ್ಡಿಯಾಗಿದ್ದರೆ, ಎರಡು ವರ್ಷಕ್ಕೆ ಬಡ್ಡಿ 14,400, ತಿಂಗಳ ಕಂತು 3,100. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ಬಡ್ಡಿ ವರ್ಷಕ್ಕೆ ಸುಮಾರು 21.6 ಪರ್ಸೆಂಟ್ ಆಗುತ್ತದೆ. ಮನೆಯಲ್ಲಿ ಉಳಿಯುತ್ತಿದ್ದುದು 2,500, ಕಟ್ಟಬೇಕಾದ್ದು 3,100. ಎರಡು ಡಬ್ಬಿ ಖಾಲಿಯಾದ ಮೇಲೂ ತಿಂಗಳಿಗೆ 600 ಕಡಿಮೆ ಬೀಳುತ್ತದೆ. ಅದು ಎಲ್ಲಿಂದ ಬರುತ್ತದೆ? ಮೊದಲು ದಶಮಾಂಶದಿಂದ, ಆಮೇಲೆ ಔಷಧದಿಂದ. ಟಿವಿಯ ಕಂತು ತಪ್ಪಿದರೆ ಮರುದಿನವೇ ಫೋನು ಬರುತ್ತದೆ. ಅಜ್ಜಿಯ ಬಿಪಿ ಗುಳಿಗೆ ತಪ್ಪಿದರೆ ಯಾರ ಫೋನೂ ಬರುವುದಿಲ್ಲ, ಒಂದು ದಿನ ಲಕ್ವ ಹೊಡೆಯುತ್ತದೆ.

ಸಂಘದ (ಮೈಕ್ರೋಫೈನಾನ್ಸ್) ಸಾಲ ತೆಗೆಯುವವರೂ ಇದನ್ನು ಗಮನಿಸಬೇಕು. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಮೈಕ್ರೋಫೈನಾನ್ಸ್‌ಗೆ ನಿಯಮ ಮಾಡಿತು. ಆ ಅರ್ಧ ಸಾಲ ಕೊಡುವವರಿಗೆ ಹಾಕಿದ ಮಿತಿ. ಮೇಲಿನ ಮನೆಗೆ ಅದು 9,000 ಆಗುತ್ತದೆ, ಆದರೆ ಅಲ್ಲಿ ಉಳಿಯುವುದೇ 2,500. ‘ನಿಮಗೆ ಇಷ್ಟು ಸಾಲ ಸಿಗುತ್ತದೆ’ ಎಂದರೆ ‘ಇಷ್ಟು ನೀವು ತೀರಿಸಬಲ್ಲಿರಿ’ ಎಂದು ಅರ್ಥವಲ್ಲ. ಗೋಪುರ ಕಟ್ಟುವ ಮೊದಲು ಕೂತು ಲೆಕ್ಕ ಹಾಕಬೇಕೆಂದು ಲೂಕ 14:28ರಲ್ಲಿ ಯೇಸು ಹೇಳಿದ್ದು ಇಂಥ ಲೆಕ್ಕವನ್ನೇ. ಊರಿನ ಖಾಸಗಿ ಸಾಲವಂತೂ ಬೇಡ. ನೂರಕ್ಕೆ ತಿಂಗಳಿಗೆ ಮೂರರಂತೆ 12,000 ತಂದರೆ ವರ್ಷಕ್ಕೆ ಬಡ್ಡಿಯೇ 4,320, ಅಸಲು ಹಾಗೆಯೇ ಕೂತಿರುತ್ತದೆ. ಅದೇ 12,000ವನ್ನು ಜನವರಿಯಿಂದ ತಿಂಗಳಿಗೆ 1,000ದಂತೆ ಆರನೆಯ ದಿನದ ಡಬ್ಬಿಯಲ್ಲಿ ಇಟ್ಟರೆ ಡಿಸೆಂಬರ್ ಮೊದಲ ವಾರಕ್ಕೆ ಹಬ್ಬ ಕೈಯಲ್ಲಿರುತ್ತದೆ.

ಕಾಣಿಕೆಯ ವಿಷಯದಲ್ಲಿ ತಪ್ಪು ನಮ್ಮ ಸಭೆಗಳದ್ದೂ ಇದೆ. ವೇದಿಕೆಯಿಂದ ಹೆಸರು, ಮೊತ್ತ ಎರಡನ್ನೂ ಓದಿದರೆ ಬಡವರು ಮಾನಕ್ಕಂಜಿ ಸಾಲ ತಂದು ಕೊಡುತ್ತಾರೆ. ಪೌಲನು 2 ಕೊರಿಂಥ 8:12ರಲ್ಲಿ ಇದ್ದದ್ದಕ್ಕೆ ತಕ್ಕಂತೆ ಕೊಟ್ಟದ್ದೇ ಸಮರ್ಪಕ ಎಂದಿದ್ದಾನೆ, ಇಲ್ಲದ್ದರಿಂದ ಕೊಡಿ ಎಂದಿಲ್ಲ. ಮಾರ್ಕ 7ರಲ್ಲಿ ಯೇಸು ಗದರಿಸಿದ್ದು ತಂದೆತಾಯಿಗೆ ಸಲ್ಲಬೇಕಾದ್ದನ್ನು ‘ಕೊರ್ಬಾನ್’ ಎಂದು ದೇವರ ಹೆಸರಿಗೆ ಬರೆದವರನ್ನು. ಅಮ್ಮನ ಆಸ್ಪತ್ರೆಯ ದುಡ್ಡು ಕಾಣಿಕೆ ಡಬ್ಬಿಗೆ ಬಿದ್ದರೆ ಅದೂ ಕೊರ್ಬಾನೇ. ‘ಬಿತ್ತಿದರೆ ನೂರರಷ್ಟು ಬರುತ್ತದೆ, ಸಾಲ ಮಾಡಿಯಾದರೂ ಬಿತ್ತಿರಿ’ ಎಂದು ಬೋಧಿಸುವವರು ಆ ಮನೆಯ ಜನವರಿಯನ್ನು ಒಮ್ಮೆ ಬಂದು ನೋಡಬೇಕು. ಕಾಣಿಕೆ ಲಕೋಟೆಯಲ್ಲಿ ಬರಲಿ, ಒಟ್ಟು ಮೊತ್ತವನ್ನಷ್ಟೇ ಸೂಚನಾ ಫಲಕಕ್ಕೆ ಹಾಕೋಣ.

ಮದುವೆಯ ಬಗ್ಗೆ ಚಿಕ್ಕದಾಗಿ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಸಭಾಪಾಲಕರು ನಡೆಸಿಕೊಟ್ಟ ಮದುವೆಯ ದಾಖಲೆಗೆ ವಧೂವರರ, ಸಭಾಪಾಲಕರ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಡಿಜೆ, ಡ್ರೋನ್ ಕ್ಯಾಮೆರಾ, ಇಪ್ಪತ್ತು ಬಗೆಯ ಊಟ ಯಾವ ಕಾಯ್ದೆಯಲ್ಲೂ ಇಲ್ಲ. ಹಾಗೆಂದು ಮದುವೆ ಊಟವೇ ಬೇಡ ಎನ್ನುತ್ತಿಲ್ಲ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ಸಾಲದೆ ಬಂದಾಗ ಕರ್ತನಾದ ಯೇಸು ಆ ಮನೆಯ ಮಾನ ಉಳಿಸಿದನು. ಸಂತೋಷವೂ ಮನುಷ್ಯನ ಅಗತ್ಯವೇ. ಅದಕ್ಕಾಗಿ ಹೊಲದ ಪಹಣಿ ಒತ್ತೆಗೆ ಹೋಗಬಾರದು, ಅಷ್ಟೇ.

ಮನೆಯವರ ಅಳತೆಯ ಬಗ್ಗೆ ಮಾತಾಡುವ ಸಭೆ ತನ್ನ ಕಡೆಯಿಂದ ಏನಾದರೂ ಮಾಡಲೇಬೇಕು. ಬೀದರ್ ಭಾಗದಲ್ಲಿ ಮೆಥೋಡಿಸ್ಟ್ ಸಭೆಗಳೇ ಹೆಚ್ಚಾದ್ದರಿಂದ ಆ ಪಂಥಕ್ಕೆ ಮೊದಲು ಹಾಕಿದ ಜಾನ್ ವೆಸ್ಲಿಯವರ ಕೆಲಸವನ್ನೇ ನೆನಪಿಸುತ್ತೇವೆ. 1746ರಲ್ಲಿ ಲಂಡನ್ನಿನಲ್ಲಿ ಅವರು ಬಡವರಿಗಾಗಿ ಕೈಸಾಲದ ನಿಧಿ ತೆರೆದರು. ಒಬ್ಬರಿಗೆ 20 ಶಿಲಿಂಗ್ ಮೀರದಂತೆ ಸಾಲ, ಮೂರು ತಿಂಗಳಲ್ಲಿ ವಾಪಸು. ಇಲ್ಲಿ 30 ಕುಟುಂಬ ತಿಂಗಳಿಗೆ 200ರಂತೆ ಹಾಕಿದರೆ ವರ್ಷಕ್ಕೆ 72,000 ಆಗುತ್ತದೆ. 5,000ದ ಮಿತಿ ಇಟ್ಟರೆ ಒಮ್ಮೆಗೆ 14 ಮನೆಗಳಿಗೆ ಬಡ್ಡಿಯಿಲ್ಲದೆ ಕೊಡಬಹುದು, ಮೂರು ತಿಂಗಳಿಗೆ ದುಡ್ಡು ತಿರುಗಿ ಬಂದು ಮತ್ತೆ 14 ಮನೆಗಳಿಗೆ ಹೋಗುತ್ತದೆ. ಫೀಸು, ಆಸ್ಪತ್ರೆ, ಬೀಜ, ದುಡಿಮೆಯ ಸಾಧನದ ರಿಪೇರಿ, ಇವಕ್ಕೆ ಮಾತ್ರ. ಹಬ್ಬಕ್ಕೆ, ಮದುವೆಗೆ ಇಲ್ಲ. ಇಂಥ ನಿಧಿ ಹಾಳಾಗುವುದು ಎರಡು ಕಡೆ: ಲೆಕ್ಕ ಒಬ್ಬರ ಜೇಬಿನಲ್ಲಿ ಉಳಿದಾಗ, ಸಾಲ ಪಡೆದವರ ಹೆಸರು ಬಾಯಿಂದ ಬಾಯಿಗೆ ಹೋದಾಗ. ಮೂವರ ಕೈಯಲ್ಲಿ ಪುಸ್ತಕ ಇರಲಿ, ಅವರಲ್ಲಿ ಒಬ್ಬರಾದರೂ ಹೆಣ್ಣುಮಗಳಿರಲಿ. ತಿಂಗಳಿಗೊಮ್ಮೆ ಒಟ್ಟು ಮೊತ್ತ ಓದಲಿ, ಹೆಸರು ಓದಬಾರದು. ಯಾರನ್ನೂ ಜಾಮೀನಿಗೆ ನಿಲ್ಲಿಸಬಾರದು, ಜ್ಞಾನೋಕ್ತಿ 22:26 ಅದನ್ನು ಸ್ಪಷ್ಟವಾಗಿ ಹೇಳಿದೆ.

ಈ ವರ್ಷದ ಡಬ್ಬಿಯಲ್ಲಿ ಏನೂ ಇಲ್ಲದವರು ಏನು ಮಾಡಬೇಕು? ಮಕ್ಕಳಿಗೆ ಮಾತ್ರ ಹೊಸ ಬಟ್ಟೆ ಸಾಕು, ಶಾಲೆಗೂ ಸಭೆಗೂ ನಡೆಯುವಂಥದ್ದು. ಹೋದ ವರ್ಷದ ನಕ್ಷತ್ರಕ್ಕೆ ಹೊಸ ಬಲ್ಬು ಹಾಕಿದರಾಯಿತು. ಕರ್ಜಿಕಾಯಿ, ಚಕ್ಕುಲಿಯನ್ನು ನಾಲ್ಕು ಮನೆಯವರು ಒಂದೇ ಒಲೆಯಲ್ಲಿ ಸೇರಿ ಮಾಡಿದರೆ ಎಣ್ಣೆಯೂ ಗ್ಯಾಸೂ ಉಳಿಯುತ್ತವೆ. ಇನ್ನೊಂದು ಕೆಲಸ ಸಭೆಯ ಕೈಯಲ್ಲೇ ಇದೆ. ರಾತ್ರಿ ಹಾಡುತ್ತ ಮನೆಮನೆಗೆ ಹೋಗುವ ಕ್ಯಾರಲ್ ತಂಡದಲ್ಲಿ ನಲವತ್ತು ಜನರಿದ್ದರೆ, ಅಷ್ಟೂ ಜನಕ್ಕೆ ಕೇಕು, ಖಾರ, ತಂಪು ಪಾನೀಯ ಕೊಡಲೇಬೇಕೆಂದು ಬಡ ಮನೆಯವರು ಅಂಗಡಿಯಲ್ಲಿ ಉದ್ರಿ ಬರೆಸುತ್ತಾರೆ. ಯಾವ ಮನೆಯಲ್ಲೂ ಚಹಾ ಬಿಟ್ಟು ಬೇರೇನೂ ಇಡುವಂತಿಲ್ಲ ಎಂದು ಸಭಾಪಾಲಕರು ಡಿಸೆಂಬರ್ ಮೊದಲ ಭಾನುವಾರವೇ ಪ್ರಕಟಿಸಲಿ, ಉಳ್ಳವರ ಮನೆಗೂ ಅದೇ ನಿಯಮ ಇರಲಿ.

ಇಂತಿ,
ಸಭೆಯೊಂದರ ಹಣಕಾಸು ಸಮಿತಿಯ ಸದಸ್ಯರು,
ಬೀದರ್