ಆ ಕಾಲಂನಲ್ಲಿ ‘ಹೌದು’ ಅಂತಲೇ ಬರೆ

ಚಿ. ಪುಟ್ಟನಿಗೆ, ಮಾವನ ಆಶೀರ್ವಾದ.

ಸಬ್ ಇನ್‌ಸ್ಪೆಕ್ಟರ್ ಆಯ್ಕೆ ಪಟ್ಟಿಯಲ್ಲಿ ನಿನ್ನ ಹೆಸರಿದೆ ಅಂತ ಕೇಳಿ ಬಹಳ ಖುಷಿಯಾಯಿತು. ಹಿಂದೆಯೇ ನಿನ್ನ ಪ್ರಶ್ನೆಯೂ ಬಂತು. 19ನೇ ವಯಸ್ಸಿನಲ್ಲಿ ಹಾಸ್ಟೆಲ್ ಗಲಾಟೆಯಲ್ಲಿ ಅರೆಸ್ಟ್ ಆಗಿದ್ದನ್ನು, ಕೆಲಸಕ್ಕೆ ಸೇರುವ ಮೊದಲು ಹಿನ್ನೆಲೆ ಪರಿಶೀಲನೆಗೆ ಕೊಡುವ ಫಾರಂನಲ್ಲಿ ಬರೆಯಬೇಕಾ ಅಂತ. ರಾಜಿಯಾಗಿ ಕೇಸ್ ಖುಲಾಸೆ ಆಗಿದೆಯಲ್ಲ, ಸುಮ್ನೆ ‘ಇಲ್ಲ’ ಅಂತ ಬರೆದುಬಿಡು ಅಂತಿದ್ದಾಳೆ ಅಕ್ಕ, ಅಲ್ವಾ? ಅವಳ ಭಯ ನನಗೆ ಅರ್ಥವಾಗುತ್ತದೆ. ಆದರೂ ಬರೆ.

ಮೊದಲು ಪ್ರಶ್ನೆಯನ್ನು ಸರಿಯಾಗಿ ಓದು. ಇಂಥ ಫಾರಂಗಳಲ್ಲಿ ಶಿಕ್ಷೆಯಾಗಿದೆಯಾ ಅಂತ ಮಾತ್ರ ಕೇಳಿರುವುದಿಲ್ಲ. ಎಂದಾದರೂ ಬಂಧನವಾಗಿದೆಯಾ, ಮೊಕದ್ದಮೆ ನಡೆದಿದೆಯಾ, ದಂಡ ಬಿದ್ದಿದೆಯಾ, ಕೇಸ್ ಬಾಕಿ ಇದೆಯಾ ಅಂತ ಒಂದೊಂದನ್ನೂ ಬೇರೆ ಬೇರೆ ಕೇಳುತ್ತಾರೆ. ಖುಲಾಸೆಯಾಯಿತು ಅಂದರೆ ಶಿಕ್ಷೆ ಇಲ್ಲ ಅಂತ ಅಷ್ಟೇ. ಅರೆಸ್ಟ್ ಆಗಿದ್ದು ಆಗಿದ್ದೇ.

ನಿನ್ನ ಗೆಳೆಯರು 2011ರ ಸಂದೀಪ್ ಕುಮಾರ್ ಪ್ರಕರಣದ ಬಗ್ಗೆ ಹೇಳಿರಬಹುದು. ದೆಹಲಿ ಪೊಲೀಸ್ ಹೆಡ್ ಕಾನ್‌ಸ್ಟೆಬಲ್ ಹುದ್ದೆಗೆ ಅರ್ಜಿ ಹಾಕಿದ್ದ ಆತ ಹಳೆಯ ಹೊಡೆದಾಟದ ಕೇಸನ್ನು ಅರ್ಜಿಯಲ್ಲಿ ತಿಳಿಸಿರಲಿಲ್ಲ. ಹುಡುಗುತನದ ತಪ್ಪು ಅಂತ ಸುಪ್ರೀಂ ಕೋರ್ಟ್ ಆತನ ಪರ ನಿಂತಿತು. ಆದರೆ ಅದೊಂದನ್ನೇ ನಂಬಿ ಕೂರಬೇಡ. 2013ರ ಮೆಹರ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟ್, ರಾಜಿಯಿಂದ ಖುಲಾಸೆಯಾದ ಮಾತ್ರಕ್ಕೆ ಪೊಲೀಸ್ ಕೆಲಸ ಕೊಡಲೇಬೇಕು ಅಂತೇನಿಲ್ಲ ಅಂದಿತು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಈ ಗೊಂದಲವನ್ನೆಲ್ಲ ಬಿಡಿಸಿತು. ಕೊಡುವ ಮಾಹಿತಿ ನಿಜವಾಗಿರಬೇಕು. ಎಳೆ ವಯಸ್ಸಿನ ಸಣ್ಣಪುಟ್ಟ ಪ್ರಕರಣವನ್ನು ಇಲಾಖೆ ಮನ್ನಿಸಬಹುದು. ಆದರೆ ನಿಜ ಹೇಳಿದವನ ಹಿನ್ನೆಲೆಯನ್ನೂ ತೂಗಿ ನೋಡುವ ಹಕ್ಕು ಅದಕ್ಕೆ ಇದ್ದೇ ಇದೆ. ಹಾಗಾಗಿ ‘ಹೌದು’ ಅಂತ ಬರೆದರೆ ಕೆಲಸ ಗ್ಯಾರಂಟಿ ಅಂತ ನಾನು ಹೇಳಲಾರೆ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಮಾತ್ರ, ಹಳೆಯ ಗಲಾಟೆಯ ಜೊತೆಗೆ ಹೊಸ ಸುಳ್ಳಿಗೂ ನೀನು ಉತ್ತರ ಕೊಡಬೇಕಾಗುತ್ತದೆ.

ಗೊತ್ತಾಗದೆ ಇರುತ್ತಾ? ಪರಿಶೀಲನೆ ಮಾಡುವವರೇ ಪೊಲೀಸರು. ಎಫ್‌ಐಆರ್ ಠಾಣೆಯಲ್ಲಿದೆ, ತೀರ್ಪು ಕೋರ್ಟಿನಲ್ಲಿದೆ.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದಿದೆ. ಅವತ್ತು ಕೈ ಎತ್ತಿದವನು 19ರ ಹುಡುಗ. ಇವತ್ತು ಸುಳ್ಳು ಬರೆದರೆ ಬರೆಯುವವನು ನಾಳೆ ಸಬ್ ಇನ್‌ಸ್ಪೆಕ್ಟರ್ ಆಗಬೇಕಾದವನು. ನೀನು ಬರೆಯುವ ಮಹಜರು, ಹಾಕುವ ಚಾರ್ಜ್‌ಶೀಟು, ಸಾಕ್ಷಿ ಕಟ್ಟೆಯಲ್ಲಿ ಹೇಳುವ ಮಾತು, ಇವುಗಳ ಮೇಲೆ ಯಾರದ್ದೋ ಬಿಡುಗಡೆ, ಯಾರದ್ದೋ ಜೈಲು ನಿಂತಿರುತ್ತದೆ. ಆ ಕೆಲಸಕ್ಕೆ ಸೇರುವ ಕಾಗದದಲ್ಲೇ ಸುಳ್ಳಿರುವುದು ನನಗಂತೂ ಬೇಡ ಪುಟ್ಟ.

ಬರೆಯುವಾಗ ಕಥೆ ಹೇಳಬೇಡ. ಠಾಣೆಯ ಹೆಸರು, ಅಪರಾಧ ಸಂಖ್ಯೆ, ಕಲಂಗಳು, ಬಂಧನದ ದಿನಾಂಕ, ಜಾಮೀನು ಸಿಕ್ಕ ದಿನ, ಸಿ.ಸಿ. ನಂಬರ್ (ಕೋರ್ಟಿನ ಕೇಸ್ ನಂಬರ್), ಖುಲಾಸೆಯಾದ ದಿನಾಂಕ, ಇಷ್ಟು ಸಾಕು. ಯಾರು ಮೊದಲು ಹೊಡೆದರು, ಪೊಲೀಸರು ಹೇಗೆ ನಡೆದುಕೊಂಡರು ಅಂತೆಲ್ಲ ಬೇಡ. ಕೇಳದ ವಿಷಯವನ್ನೂ ತುಂಬಬೇಡ. ಕೋರ್ಟಿನಲ್ಲಿ ನಕಲು ಅರ್ಜಿ ಹಾಕಿ ತೀರ್ಪಿನ ದೃಢೀಕೃತ ಪ್ರತಿ ತೆಗೆದುಕೋ, ಫಾರಂ ಜೊತೆ ಲಗತ್ತಿಸು. ಕೊಟ್ಟಿದ್ದರ ಜೆರಾಕ್ಸ್ ನಿನ್ನ ಹತ್ತಿರ ಇರಲಿ.

ನಿನ್ನ ಜೊತೆ ಸಿಕ್ಕಿಬಿದ್ದ ಹುಡುಗನಿಗೆ ಆಗ 17 ಅಂದೆಯಲ್ಲ, ಅವನ ಲೆಕ್ಕವೇ ಬೇರೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ, ಹಳೆಯ ಕೇಸ್ ಮುಂದೆ ಅನರ್ಹತೆಯಾಗದಂತೆ ಅಂಥ ಮಕ್ಕಳಿಗೆ ರಕ್ಷಣೆ ಕೊಡುತ್ತದೆ. ಆದರೆ ದೊಡ್ಡವರಂತೆ ವಿಚಾರಣೆ ನಡೆದಿದ್ದರೆ ಅದು ಸಿಗದೆ ಹೋಗಬಹುದು. ಅವನು ಒಬ್ಬ ವಕೀಲರನ್ನು ಕೇಳಿಯೇ ಫಾರಂ ತುಂಬಲಿ.

ಅಕ್ಕನ ಹತ್ತಿರ ನಾನೇ ಮಾತಾಡುತ್ತೇನೆ. ನೀನು ಬರೆದದ್ದನ್ನು ಕೊಡುವ ಮೊದಲು ನನಗೊಮ್ಮೆ ಕಳಿಸು, ದಿನಾಂಕಗಳನ್ನು ತೀರ್ಪಿನ ಜೊತೆ ಇಟ್ಟು ನೋಡೋಣ.

ನಿನ್ನ ಮಾವ